ಹುಬ್ಬಳ್ಳಿ ಬಸ್ ಹತ್ತಿದ ಮಾವನ ಗಡ್ಡೆ

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಮಾವನ ಕ್ಯಾನ್ಸರ್ ಗಡ್ಡೆ ಹುಬ್ಬಳ್ಳಿ ಬಸ್ ಹತ್ತಿತು.

ಮಾವ ಹತ್ತಿರಲಿಲ್ಲ. ಅವರು ಪುಣೆಯ ಕೋಥರೂಡದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಗಂಜಿ ಕುಡಿಯುತ್ತ, ಉಪ್ಪು ಕಡಿಮೆಯಾಗಿದೆ ಎಂದು ಅತ್ತೆಯ ಮೇಲೆ ಸಿಡುಕುತ್ತಿದ್ದರು. ಗಡ್ಡೆ ಮಾತ್ರ ಪುಣೆಯ ಕರಿದ ತಿಂಡಿ ಬಾಕರವಡಿಯ ಒಂದು ಡಬ್ಬಿಯೊಳಗೆ ಬೆಚ್ಚಗೆ ಕುಳಿತು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೊರಟುಹೋಗಿತ್ತು.

ನಗಬೇಡಿ. (ಸರಿ, ನಗಿ. ನಾನೂ ಈ ವಾರವೆಲ್ಲ ಅದನ್ನೇ ಮಾಡುತ್ತಿದ್ದೇನೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ತರಕಾರಿ ಕೊಳ್ಳುವಾಗ ಒಬ್ಬಳೇ ಕಿಸಕ್ಕೆಂದು ನಕ್ಕು ಬೈಸಿಕೊಂಡಿದ್ದೇನೆ.)

ಮೊದಲಿನಿಂದ ಹೇಳುತ್ತೇನೆ. ನಮ್ಮ ಮಾವನದು ಲಕ್ಷ್ಮೀ ರಸ್ತೆಯಲ್ಲಿ ಸೀರೆ ಅಂಗಡಿ. ಇಳಕಲ್ಲಿನಿಂದ ಸೀರೆ ತರಿಸಿ ಪುಣೆಯ ಹೆಂಗಸರಿಗೆ ಉಡಿಸುವುದರಲ್ಲೇ ಅವರ ತಲೆ ಹಣ್ಣಾಯಿತು. ಈಚೆಗೆ ಹೊಟ್ಟೆನೋವು ಅಂದರು, ಊಟ ಬೇಡ ಅಂದರು, ಧೋತರ ಸೊಂಟದಲ್ಲಿ ನಿಲ್ಲದಾಯಿತು. ಪರೀಕ್ಷೆ, ಸ್ಕೋಪಿ, ಆಪರೇಷನ್. ದೊಡ್ಡ ಕರುಳಿನ ಒಂದು ತುಂಡನ್ನೇ ಕತ್ತರಿಸಿ ತೆಗೆದರು. ಕಾರಿಡಾರಿನಲ್ಲಿ ಸರ್ಜನ್ ನನ್ನನ್ನೂ ನನ್ನ ಗಂಡನನ್ನೂ ಪಕ್ಕಕ್ಕೆ ಕರೆದು ಆ ಪದ ಹೇಳಿದರು. ಕ್ಯಾನ್ಸರ್.

ನನ್ನ ಗಂಡ ಕೇಳಿದ ಮೊದಲ ಮಾತು ಏನು ಗೊತ್ತೇ? ‘ಉಳಿಯುತ್ತಾರಾ’ ಅಂತಲ್ಲ. ‘ಅಪ್ಪನಿಗೆ ಹೇಳಬೇಡಿ ಡಾಕ್ಟರ್’ ಅಂತ.

ನಿಮ್ಮ ಮನೆಯಲ್ಲಾದರೂ ಬೇರೆ ಏನಾಗುತ್ತಿತ್ತು, ಹೇಳಿ? ನಮ್ಮಲ್ಲಿ ರೋಗ ಒಬ್ಬರಿಗೆ ಬರುತ್ತದೆ, ಅದರ ಹೆಸರು ಮಾತ್ರ ಉಳಿದವರಿಗೆ ತಿಳಿಯುತ್ತದೆ. ಹಾಗಾಗಿ ಮಾವನಿಗೆ ಮನೆಯಲ್ಲಿ ‘ಅಲ್ಸರ್’ ಆಯಿತು. ಅತ್ತೆಗೂ ಅಲ್ಸರ್ ಅಂತಲೇ ಹೇಳಿದೆವು. ಅತ್ತೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೆ.

ಆಮೇಲೆ ರಿಪೋರ್ಟ್ ಬಂತು. ಗಡ್ಡೆ ಪೂರ್ತಿ ಬಂದಿದೆ, ಅಕ್ಕಪಕ್ಕದ ಗ್ರಂಥಿಗಳೂ ಸ್ವಚ್ಛ. ಆದರೆ ಒಂದು ಕಡೆ, ರಕ್ತನಾಳದೊಳಗೆ ಗಡ್ಡೆಯ ಕಣಗಳು ನುಗ್ಗಿದ ಹಾಗೆ ಕಾಣುತ್ತದೆ, ಖಚಿತವಿಲ್ಲ. ಆ ‘ಹಾಗೆ’ ಎನ್ನುವ ಎರಡಕ್ಷರ ನಮ್ಮ ನಿದ್ದೆ ತಿಂದುಹಾಕಿತು. ಸರ್ಜನ್ ಬಿಡಿಸಿ ಹೇಳಿದರು: ನುಗ್ಗಿದ್ದು ನಿಜವಾದರೆ ಕಣಗಳು ರಕ್ತದ ಜೊತೆ ಲಿವರಿನವರೆಗೂ ಹೋಗಿರಬಹುದು, ತಿಂಗಳುಗಟ್ಟಲೆ ಕೀಮೋ ಕೊಡಬೇಕಾಗುತ್ತದೆ, ಆಮೇಲೂ ಭಯ ತಪ್ಪಿದ್ದಲ್ಲ. ನುಗ್ಗಿಲ್ಲವಾದರೆ ಮನೆಗೆ ಹೋಗಿ, ಆಗಾಗ ಚೆಕಪ್ಪಿಗೆ ಬನ್ನಿ, ಅಷ್ಟೇ. ‘ಗಡ್ಡೆ ಎಷ್ಟು ದಪ್ಪ ಅನ್ನುವುದು ಅರ್ಧ ಕಥೆ. ಅದರ ನಡತೆ ಹೇಗಿತ್ತು ಅನ್ನುವುದು ಮೈಕ್ರೋಸ್ಕೋಪಿನಲ್ಲೇ ಗೊತ್ತಾಗೋದು’ ಎಂದು, ಟಿಳಕ್ ರಸ್ತೆಯ ಹಿರಿಯ ಪ್ಯಾಥಾಲಜಿ ಡಾಕ್ಟರೊಬ್ಬರಿಗೆ ತೋರಿಸಲು ಹೇಳಿದರು. ಹೊಟ್ಟೆಯ ಗಡ್ಡೆಗಳ ವಿಷಯದಲ್ಲಿ ಆ ಅಮ್ಮನ ಮಾತೇ ಮಾತಂತೆ.

ತೋರಿಸುವುದು ಅಂದರೆ ಏನನ್ನು? ಮಾವನನ್ನಲ್ಲ. ಗಡ್ಡೆಯನ್ನು! ಕತ್ತರಿಸಿ ತೆಗೆದ ತುಂಡುಗಳನ್ನು ಮೇಣದ ಪುಟ್ಟ ಬಿಲ್ಲೆಗಳಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಆ ಮೇಣವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕುತ್ತಾರೆ. ಎರಡನೆಯ ಡಾಕ್ಟರಿಗೆ ತೋರಿಸಬೇಕಾದರೆ ಆ ಗಾಜನ್ನೂ ಮೇಣವನ್ನೂ ನಾವೇ ಹೊತ್ತುಕೊಂಡು ಹೋಗಬೇಕು. ಇದು ನನಗೂ ಗೊತ್ತಿರಲಿಲ್ಲ. ಮನುಷ್ಯ ಒಂದು ಕಡೆ, ಅವನ ಗಡ್ಡೆ ಇನ್ನೊಂದು ಕಡೆ ಊರೆಲ್ಲ ತಿರುಗಬಹುದು ಎನ್ನುವುದೇ ವಿಚಿತ್ರವಲ್ಲವೇ?

ಸೋಮವಾರ ಸಂಜೆ ನನ್ನ ಗಂಡ ಆಸ್ಪತ್ರೆಯಿಂದ ಅದನ್ನೆಲ್ಲ ಮನೆಗೆ ತಂದ. ಮಾವನ ಕಣ್ಣಿಗೆ ಬೀಳದ ಹಾಗೆ ಎಲ್ಲಿ ಬಚ್ಚಿಡುವುದು? ನನ್ನ ಗಂಡ ಚಾಕಣದ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಕಂಟ್ರೋಲ್ ಎಂಜಿನಿಯರ್. (ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.) ಅಪ್ಪನಿಗೆ ಈಗ ಕರಿದದ್ದು ಬಂದ್, ಆದ್ದರಿಂದ ಅಪ್ಪ ಮುಟ್ಟದ ಒಂದೇ ವಸ್ತು ಬಾಕರವಡಿ ಡಬ್ಬಿ ಎಂದು ಆತ ತರ್ಕ ಮಾಡಿದ. ಖಾಲಿ ಡಬ್ಬಿಗೆ ಹತ್ತಿ ಹಾಸಿ, ಗಾಜು ಮೇಣ ತುಂಬಿ, ದಾರ ಕಟ್ಟಿ, ಫ್ರಿಜ್ಜಿನ ಮೇಲಿಟ್ಟ. ನನ್ನನ್ನು ನೋಡಿ ಹುಬ್ಬು ಬೇರೆ ಹಾರಿಸಿದ.

ಆದರೆ ಅದೇ ದಿನ ಮನೆಯಲ್ಲಿ ಇಂದೂ ಮೌಶಿ ಇದ್ದರು. ಅತ್ತೆಯ ತಂಗಿ. ಭಾವನನ್ನು ನೋಡಲು ಹುಬ್ಬಳ್ಳಿಯಿಂದ ಬಂದವರು ಮಂಗಳವಾರ ಬೆಳಿಗ್ಗೆ ಹೊರಡುವವರಿದ್ದರು. ಪುಣೆಯ ಕನ್ನಡಿಗರ ಮನೆಯಿಂದ ಯಾರಾದರೂ ಬರಿಗೈಯಲ್ಲಿ ಊರಿಗೆ ಹೋದದ್ದುಂಟೇ? ಹೋಗುವವರ ಕೈಯಲ್ಲಿ ಒಂದು ಬಾಕರವಡಿ ಡಬ್ಬಿ ಇಡದಿದ್ದರೆ ನಮ್ಮ ಮರ್ಯಾದೆ ಏನಾಗಬೇಕು? ಅತ್ತೆ ಸೋಮವಾರವೇ ಒಂದು ಡಬ್ಬಿ ತರಿಸಿ ಇಟ್ಟಿದ್ದರು. ಎಲ್ಲಿ? ಫ್ರಿಜ್ಜಿನ ಮೇಲೆ.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ನಾನು ಸ್ನಾನ ಮುಗಿಸಿ, ಟಿಳಕ್ ರಸ್ತೆಗೆ ಹೊರಡಲೆಂದು ಡಬ್ಬಿ ಎತ್ತಿದೆ. ಘಮ್ಮೆಂದಿತು. ಗಡ್ಡೆ ಘಮ್ಮೆನ್ನುವುದಿಲ್ಲ.

‘ಅತ್ಯಾ, ಮೌಶಿಗೆ ಡಬ್ಬಿ ಕೊಟ್ರೇನು?’

‘ಕೊಟ್ಟೆ. ಭಾಳ ವಜ್ಜಿ ಇತ್ತು. ಅಂಗಡ್ಯಾಂವ ಈ ಸಲ ಕೈ ಬಿಚ್ಚಿ ತುಂಬ್ಯಾನ’ ಎಂದರು ಅತ್ತೆ, ತೃಪ್ತಿಯಿಂದ.

ಗಂಡನ ಮೊಬೈಲಿಗೆ ಫೋನು ಮಾಡಿದೆ. ಆಫ್. (ಇನ್‌ಕಮಿಂಗಿಗೂ ಚಾರ್ಜ್ ಎಂದು ಆತ ಅದನ್ನು ಸದಾ ಆಫ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಮತ್ತೆ ಯಾಕೆ ಕೊಂಡದ್ದು ಎಂದು ಕೇಳಬೇಡಿ.) ನಿಜವಾದ ಬಾಕರವಡಿ ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟುವಷ್ಟರಲ್ಲಿ ಬಾಗಿಲಲ್ಲಿ ಮಾವ. ಕರಿ ಟೊಪ್ಪಿಗೆ ಇಟ್ಟುಕೊಂಡು ತಯಾರಾಗಿ ನಿಂತಿದ್ದಾರೆ.

‘ಇಂದೂ ಏನರ ಮರತಾಳೇನು? ನಡಿ, ನಾನೂ ಬರ್ತೀನಿ. ಮನ್ಯಾಗ ಕೂತು ಕೂತು ಸಾಕಾಗೇದ.’

ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಹೊಳೆಯುವವರೆಗೆ ಕಾದರೆ ಬಸ್ ಸಾತಾರಾ ದಾಟುತ್ತಿತ್ತು.

ಪುಣೆಯ ರಿಕ್ಷಾದವರು ನಿಮಗೆ ಗೊತ್ತೇ ಇದ್ದಾರೆ. ಸ್ವಾರಗೇಟ್ ಅಂದರೆ ಸಾಲ ಕೇಳಿದವರನ್ನು ನೋಡಿದಂತೆ ಮುಖ ತಿರುಗಿಸುತ್ತಾರೆ. ಕೊನೆಗೊಬ್ಬ ಮಾವನ ಟೊಪ್ಪಿಗೆ ನೋಡಿ ಕರಗಿದ. ಕರ್ವೆ ರಸ್ತೆಯ ಪ್ರತಿ ಸಿಗ್ನಲ್ಲಿನಲ್ಲೂ ನಾನು ಕಾಣದ ಬ್ರೇಕು ಒತ್ತುತ್ತಿದ್ದೆ. ಮಾವ ನಿಧಾನವಾಗಿ ವಿಚಾರಣೆ ಶುರು ಮಾಡಿದರು.

‘ಏನು ಮರತಾಳ ಆಕಿ?’

‘ಗುಳಿಗಿ, ಮಾಮಾ. ಬಿಪಿದು.’

‘ಆಕಿಗೆಲ್ಲಿ ಬಿಪಿ? ಆಕಿ ಮಂದಿಗೆ ಬಿಪಿ ತರ್ತಾಳ.’

ನಾನು ರಸ್ತೆ ನೋಡಿದೆ.

‘ಮತ್ತ ಈ ಬಾಕರವಡಿ ಯಾಕ?’

‘ಇದನ್ನೂ ಮರತಾರ್ರಿ.’

ಮಾವ ‘ಹೂಂ’ ಅಂದರು. ಗಿರಾಕಿ ಸುಳ್ಳು ಹೇಳುವಾಗ ಅಂಗಡಿಯಲ್ಲಿ ಅವರು ಅನ್ನುವ ‘ಹೂಂ’ ಅದು.

ಸ್ವಾರಗೇಟಿನಲ್ಲಿ ಹುಬ್ಬಳ್ಳಿ ಬಸ್ ಇನ್ನೂ ನಿಂತಿತ್ತು. ದೇವರಿಗೆ ಕೈ ಮುಗಿದೆ. ಕಿಟಕಿಯ ಪಕ್ಕ ಮೌಶಿ. ಮಡಿಲಲ್ಲಿ ಡಬ್ಬಿ. ಡಬ್ಬಿ ಬಿಚ್ಚಿತ್ತು! ಬಸ್ ಬಿಡುವ ಮೊದಲೇ ತಿಂಡಿ ಕಟ್ಟು ಬಿಚ್ಚುವುದು ನಮ್ಮವರ ಹುಟ್ಟುಗುಣ ಎನ್ನುವುದನ್ನು ಯಾವ ಎಂಜಿನಿಯರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೌಶಿ ಒಂದು ಗಾಜಿನ ಪಟ್ಟಿಯನ್ನು ಪಕ್ಕದವರಿಗೆ ತೋರಿಸುತ್ತಿದ್ದರು. ಆ ಅಜ್ಜ ಅದನ್ನು ಕಣ್ಣಿಗೆ ಹಿಡಿದು, ಇದು ಗ್ರಹಣ ನೋಡುವ ಗಾಜು ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟಿದ್ದರು. ಹಿಂದಿನ ಸೀಟಿನವರಿಗೆ ಅದು ಒಪ್ಪಿಗೆಯಿರಲಿಲ್ಲ.

‘ಅಲ್ಲ ವಿದ್ಯಾ, ನಮ್ಮ ಅಕ್ಕಗ ಏನಾಗೇದ?’ ಎಂದರು ಮೌಶಿ. ‘ಬಾಕರವಡಿ ಅಂತ ಗಾಜು ಕೊಟ್ಟಾಳ. ಜೋಡಿ ಮೇಣದ ಬಿಲ್ಲಿ ಬ್ಯಾರೆ.’

ನಾನು ಬಾಯಿ ತೆರೆಯುವ ಮುಂಚೆ ಮಾವ ಕಿಟಕಿಯೊಳಗೆ ಕೈ ಹಾಕಿ ಆ ಪಟ್ಟಿ ತೆಗೆದುಕೊಂಡರು. ಬಿಸಿಲಿಗೆ ಹಿಡಿದರು. ಹೊಸ ಸೀರೆ ಬಂದಾಗ ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲ, ಹಾಗೆಯೇ. ಒಂದು ಕಣ್ಣು ಮುಚ್ಚಿ, ತಲೆ ವಾರೆ ಮಾಡಿ.

‘ರಾಣಿ ಬಣ್ಣ. ಮ್ಯಾಲೆ ನೇರಳಿ. ಬಣ್ಣ ಚಲೋ ಕೂತದ’ ಎಂದರು. ಆಮೇಲೆ ಕೇಳಿದರು: ‘ವಿದ್ಯಾ, ಇದು ನಂದೇನು?’

ಸುಳ್ಳು ಮುಗಿದಿತ್ತು. ಹೇಳಬೇಕೆಂದರೂ ಒಂದೂ ಉಳಿದಿರಲಿಲ್ಲ.

‘ಹೌದ್ರಿ ಮಾಮಾ.’

‘ನನ್ನ ಹೊಟ್ಟ್ಯಾಗಿಂದು.’

‘ಹೌದ್ರಿ.’

‘ಅಂದ್ರ ಅಲ್ಸರ್ ಅಲ್ಲ.’

‘ಅಲ್ರಿ.’

ಆ ಪಕ್ಕದ ಕಿಟಕಿಗಳೆಲ್ಲ ನಮ್ಮತ್ತ ಬಾಗಿದ್ದವು. ನನಗೆ ಅಳು ಬರುತ್ತಿತ್ತು, ಅದೇ ಹೊತ್ತಿಗೆ ಹೊಟ್ಟೆಯೊಳಗಿಂದ ನಗು ಉಕ್ಕುತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಮುಖ ಹೇಗೆ ಕಾಣಬಹುದು? ಕಂಡಕ್ಟರ್ ಸೀಟಿ ಊದಿ, ‘ಬರೋರಿದ್ರ ಹತ್ರಿ, ಇಲ್ಲಾಂದ್ರ ನಿಮ್ಮ ಗಾಜು ಇಳಿಸ್ಕೊಳ್ರಿ’ ಎಂದ. ಗಾಜು ಇಳಿಸಿಕೊಂಡೆ. ಬಾಕರವಡಿ ಹತ್ತಿಸಿದೆ. ಮೌಶಿ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಹೊಸ ಡಬ್ಬಿಯನ್ನು ಭದ್ರವಾಗಿ ಹಿಡಿದುಕೊಂಡು ಹೊರಟರು. ಕಾತ್ರಜ ಘಾಟ್ ಏರುವುದರೊಳಗೆ ನಮ್ಮ ಮನೆಯ ಗುಟ್ಟು ಡ್ರೈವರಿಗೂ ತಲುಪಿರಬೇಕು.

ಟಿಳಕ್ ರಸ್ತೆಯ ರಿಕ್ಷಾದಲ್ಲಿ ಮಾವ ಆ ಪದವನ್ನು ತಾವೇ ಹೇಳಿದರು. ‘ಕ್ಯಾನ್ಸರ್ ಏನು?’ ನಾನು ತಲೆ ಆಡಿಸಿದೆ.

‘ಅನಸ್ತಿತ್ತು. ಮುಂಜಾನೆ ಶಿರಾ, ಸಂಜಿಕೆ ಪಾಯಸ. ನಿನ್ನ ಗಂಡ ಸಣ್ಣವ ಇದ್ದಾಗಿಂದ ನನ್ನ ಕಾಲು ಮುಟ್ಟಿದಾಂವ ಅಲ್ಲ, ಈಗ ದಿನಾ ಬಂದು ಒತ್ತತಾನ. ಅಲ್ಸರಿಗೆ ಯಾರರ ಇಷ್ಟು ಪ್ರೀತಿ ಮಾಡ್ತಾರೇನು?’

ನಾನು ಎಲ್ಲ ಹೇಳಿಬಿಟ್ಟೆ. ರಕ್ತನಾಳ, ಅನುಮಾನ, ನುಗ್ಗಿದ್ದರೆ ಏನು, ನುಗ್ಗಿಲ್ಲದಿದ್ದರೆ ಏನು. ಮಾವ ಡಬ್ಬಿಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ‘ನನ್ನ ಮಾಲು. ನಾನ ನೋಡಬೇಕು’ ಎಂದರು.

ಪ್ಯಾಥಾಲಜಿ ಡಾಕ್ಟರು ಗಿಡ್ಡನೆಯ, ಬಿಳಿಕೂದಲಿನ ಹೆಂಗಸು. ಬಾಗಿಲು ದಾಟುತ್ತಲೇ ನಾನು ಮಾವನ ಬೆನ್ನ ಹಿಂದೆ ನಿಂತು ಕಣ್ಣು ಮಿಟುಕಿಸಿದೆ, ತಲೆ ಅಲ್ಲಾಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಮಾವನಿಗೆ ಎಲ್ಲ ಗೊತ್ತಾಗಿ ಅರ್ಧ ಗಂಟೆಯಾಗಿತ್ತು! ಅಭ್ಯಾಸಬಲ, ಏನು ಮಾಡಲಿ? ಡಾಕ್ಟರು ಗಂಭೀರವಾಗಿ ಕೇಳಿದರು: ‘ನಿಮ್ಮ ಕಣ್ಣಿಗೆ ಏನಾಗಿದೆ?’ (ಮಾತೆಲ್ಲ ಮರಾಠಿಯಲ್ಲಿ ನಡೆದದ್ದು, ನಿಮಗಾಗಿ ಕನ್ನಡ ಮಾಡಿದ್ದೇನೆ.)

ಅವರ ಮೈಕ್ರೋಸ್ಕೋಪಿಗೆ ಎರಡು ಜೊತೆ ಕಣ್ಣುಗಳಿದ್ದವು. ಒಂದು ಕಡೆ ಗುರು ನೋಡುತ್ತಿದ್ದರೆ ಎದುರು ಕಡೆ ಶಿಷ್ಯರು ಅದನ್ನೇ ನೋಡಬಹುದು. ಮಾವ ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟು, ಹೇಳಿಸಿಕೊಳ್ಳದೆ ಶಿಷ್ಯರ ಸ್ಟೂಲಿನಲ್ಲಿ ಕುಳಿತರು. ಡಾಕ್ಟರು ಒಮ್ಮೆ ನೋಡಿದರು, ಬೇಡ ಅನ್ನಲಿಲ್ಲ.

‘ಈ ನೇರಳೆ ಗುಂಪೆಲ್ಲ ಗಡ್ಡೆ. ಈ ಗುಲಾಬಿ ನಿಮ್ಮ ಒಳ್ಳೆಯ ಕರುಳು’ ಎಂದರು ಡಾಕ್ಟರು.

ಮಾವ ಬಹಳ ಹೊತ್ತು ನೋಡಿದರು. ‘ಅಮ್ಮಾ, ನೇರಳೆ ಬಣ್ಣ ಗುಲಾಬಿಯೊಳಗೆ ಹರಿದಿದೆಯೇ? ಅಂಚು ಬಿಟ್ಟು ಆಚೆ?’

‘ಮಾಮಾ, ಅದು ಸೀರಿ ಅಲ್ರಿ’ ಎಂದು ನಾನು ಪಿಸುಗುಟ್ಟಿದೆ.

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ನೋಡುವುದೇ ಅದನ್ನಂತೆ. ಕೆಲವು ಗಡ್ಡೆ ಒಂದೇ ಸಮನೆ ನೂಕುತ್ತ ಬರುತ್ತವೆ, ಅಂಚು ನೆಟ್ಟಗಿರುತ್ತದೆ. ಕೆಲವು ಅಂಚಿನಿಂದ ಚೂರುಚೂರಾಗಿ ಕಳಚಿಕೊಂಡು ಒಳ್ಳೆಯ ಕರುಳಿನೊಳಗೆ ನುಸುಳುತ್ತವೆ, ಪೋಲಿಗಳು ಅವು. ಮಾವನ ಗಡ್ಡೆಯ ಅಂಚು ನೆಟ್ಟಗಿತ್ತು. ಅದರ ಸುತ್ತ ಸಣ್ಣ ನೀಲಿ ಚುಕ್ಕೆಗಳ ಸಾಲು. ಮೈಯನ್ನು ಕಾಯುವ ಕಣಗಳು ಅಲ್ಲಿ ಬಂದು ಸೇರಿದ್ದವು, ಅದೂ ಒಳ್ಳೆಯ ಲಕ್ಷಣವಂತೆ. ಮಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. ತಮ್ಮ ಗಡ್ಡೆಯ ಬಗ್ಗೆ ಅವರಿಗೆ ಸ್ವಲ್ಪ ಅಭಿಮಾನ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಡಾಕ್ಟರು ಗಾಜನ್ನು ಸರಿಸಿ ಆ ಅನುಮಾನದ ಜಾಗಕ್ಕೆ ಬಂದರು. ಇಬ್ಬರೂ ಬಗ್ಗಿ ನೋಡುತ್ತಿದ್ದರು. ನನ್ನ ಕೈಯಲ್ಲಿ ಟೊಪ್ಪಿಗೆ ಮುದ್ದೆಯಾಯಿತು.

‘ಇದು ನಾಳ ಹೌದೋ ಅಲ್ಲವೋ ಈ ಬಣ್ಣದಲ್ಲಿ ಹೇಳಲಾರೆ. ನಾಳ ಆದರೆ ಅದಕ್ಕೊಂದು ಗೋಡೆ ಇರಬೇಕು. ಮೇಣದಿಂದ ಹೊಸದಾಗಿ ಹೆರೆದು, ಗೋಡೆ ತೋರಿಸುವ ಬೇರೆ ಬಣ್ಣ ಹಾಕುತ್ತೇನೆ. ಗುರುವಾರ ಬನ್ನಿ’ ಎಂದರು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಾವ ತಾವೇ ಅತ್ತೆಗೆ ಎಲ್ಲ ಹೇಳಿದರು. ನಾನೂ ಗಂಡನೂ ತಟ್ಟೆ ನೋಡುತ್ತ ಕುಳಿತೆವು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ‘ಅದನ್ನ ನನ್ನ ಅಡಗಿಮನ್ಯಾಗ ಇಟ್ಟಿದ್ರೇನು?’ ಎದ್ದುಹೋಗಿ ಫ್ರಿಜ್ಜು ತೊಳೆಯಲು ಶುರು ಮಾಡಿದರು. ಮೇಲೆ, ಕೆಳಗೆ, ಹಿಂದೆ. ಮೊಸರು ಚೆಲ್ಲಿದರು, ಹಾಲು ಚೆಲ್ಲಿದರು. ಬೈದರು, ತೊಳೆದರು. ತೊಳೆಯುತ್ತ ತೊಳೆಯುತ್ತ ಫ್ರಿಜ್ಜಿನ ಬಾಗಿಲು ಹಿಡಿದು ಅತ್ತರು. ಮಾವ ಹೋಗಿ ಅವರ ಕೈಯಿಂದ ಅರಿವೆ ತೆಗೆದುಕೊಂಡು, ಉಳಿದದ್ದನ್ನು ತಾವೇ ಒರೆಸಿದರು. ಆ ಮನೆಯಲ್ಲಿ ಮಾವ ಅರಿವೆ ಹಿಡಿದು ಒರೆಸಿದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ.

ಗುರುವಾರ ನನ್ನ ಗಂಡ ರಜೆ ಹಾಕಿದ. ಮೂವರೂ ಹೋದೆವು. ಡಾಕ್ಟರು ಬಾಗಿಲಲ್ಲಿ ಬಂದು, ‘ಪೇಷಂಟ್ ಒಳಗೆ ಬರಲಿ. ನೀವು ಕೂತಿರಿ’ ಎಂದರು. ಬಾಗಿಲು ಹಾಕಿಕೊಂಡಿತು.

ಹೊರಗೆ ಮರದ ಬೆಂಚು. ನಾವಿಬ್ಬರು. ಇಬ್ಬರೂ ಗ್ರ್ಯಾಜುಯೇಟುಗಳು, ಸಂಬಳ ತರುವವರು, ಮನೆಯ ಎಲ್ಲ ನಿರ್ಧಾರ ಮಾಡುವವರು. ಮುಚ್ಚಿದ ಬಾಗಿಲನ್ನು ನೋಡುತ್ತ ಕುಳಿತೆವು. ಒಳಗೆ ಏನೋ ಗುಜುಗುಜು. ಏನಂತೆ? ಯಾಕೆ ಇಷ್ಟು ಹೊತ್ತು? ನಕ್ಕರೇ? ಕೆಮ್ಮಿದರೇ? ‘ಹೇಳಾಕ ಏನಾಗೇದ ಇವರಿಗೆ’ ಎಂದು ನನ್ನ ಗಂಡ ಉಗುರು ಕಚ್ಚಿದ. ಮಾವ ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಮ್ಮ ಗುಜುಗುಜು ಕೇಳಿದ್ದೂ ಹೀಗೆಯೇ ಇರಬೇಕು. ನಾನದನ್ನು ಗಂಡನಿಗೆ ಹೇಳಲಿಲ್ಲ. ಅವನ ಉಗುರುಗಳು ಆಗಲೇ ಮುಗಿಯುತ್ತ ಬಂದಿದ್ದವು.

ಬಾಗಿಲು ತೆರೆಯಿತು. ಮಾವ ಹೊರಗೆ ಬಂದು ಟೊಪ್ಪಿಗೆ ಇಟ್ಟುಕೊಂಡರು. ಮೆಟ್ಟಿಲಿಳಿದು ನಡೆಯತೊಡಗಿದರು. ಮುಖದಲ್ಲಿ ಏನೂ ಇಲ್ಲ.

‘ಅಪ್ಪಾ, ಏನಂದ್ರು?’

‘ಬ್ಯಾಡ ಬಿಡು. ನೀವು ಸಣ್ಣವರು. ನಿಮ್ಮಿಂದ ತಡಕೊಳ್ಳಾಕ ಆಗೂದಿಲ್ಲ. ಹೊತ್ತು ನೋಡಿ ನಿಧಾನಕ ಹೇಳ್ತೀನಿ.’

ಟಿಳಕ್ ರಸ್ತೆಯ ಆ ಗದ್ದಲದಲ್ಲಿ, ಸ್ಕೂಟರುಗಳ ನಡುವೆ, ನಲವತ್ತು ದಾಟಿದ ನನ್ನ ಗಂಡ ಅಪ್ಪನ ಕೋಟಿನ ತೋಳು ಹಿಡಿದು ನಿಂತ. ‘ಅಪ್ಪಾ, ದಯವಿಟ್ಟು ಹೇಳ್ರಿ’ ಎಂದ. ಅವನ ಕಣ್ಣು ತುಂಬಿತ್ತು.

ಮಾವನ ಮೀಸೆ ಅಲುಗಿತು.

‘ನಾಳ ಅಲ್ಲಂತ. ಗ್ವಾಡಿ ಇಲ್ಲ ಅದಕ್ಕ. ಕರಳು ಕತ್ತರಿಸಿ ಔಷಧದಾಗ ಹಾಕ್ತಾರಲ್ಲ, ಆವಾಗ ಗಡ್ಡಿ ಮುದುಡಿ ಸುತ್ತಲೂ ಜಾಗಾ ಖಾಲಿ ಬಿಟ್ಟದ. ಆ ಖಾಲಿ ನೋಡಿ ಅವರು ನಾಳ ಅಂದ್ಕೊಂಡಾರ. ಇಂಜೆಕ್ಷನ್ ಗಿಂಜೆಕ್ಷನ್ ಏನೂ ಬ್ಯಾಡ, ತಪ್ಪದ ಚೆಕಪ್ಪಿಗೆ ಬರ್ರಿ ಅಂದ್ರು.’

ನಾನು ರಸ್ತೆಯಲ್ಲೇ ಕೂಗಿದೆ. ನನ್ನ ಗಂಡ ಅತ್ತ, ನಕ್ಕ, ಮೊಬೈಲ್ ತೆಗೆದು ಆನ್ ಮಾಡಿ ಅಮ್ಮನಿಗೆ ಫೋನು ಮಾಡಿದ. ಪಕ್ಕದ ರಸವಂತಿಯಲ್ಲಿ ಕಬ್ಬಿನಹಾಲು ಕುಡಿದೆವು. ಮಾವ ಎರಡು ಗ್ಲಾಸು ಕುಡಿದರು, ಯಾರೂ ತಡೆಯಲಿಲ್ಲ.

ಮೈಕ್ರೋಸ್ಕೋಪು ಜಾತಕವಲ್ಲ ಎಂದು ಡಾಕ್ಟರು ಮಾವನಿಗೆ ಒತ್ತಿ ಹೇಳಿದ್ದಾರಂತೆ. ಅಂಚು ನೆಟ್ಟಗಿದೆ, ನಾಳಗಳೆಲ್ಲ ಸ್ವಚ್ಛ, ಲಕ್ಷಣ ಒಳ್ಳೆಯದು, ಅಷ್ಟು ಹೇಳಬಲ್ಲೆ, ಮುಂದಿನದಕ್ಕೆ ಯಾರೂ ಗ್ಯಾರಂಟಿ ಕಾರ್ಡ್ ಕೊಡುವುದಿಲ್ಲ ಅಂದರಂತೆ. ಮಾವ ಅದನ್ನು ಆರಾಮವಾಗಿ ಕೇಳಿಸಿಕೊಂಡು ಬಂದಿದ್ದಾರೆ. ರಾತ್ರಿ ಗೊರಕೆ ಹೊಡೆಯುತ್ತಾರೆ. ಬೆಳಿಗ್ಗೆ ಅಂಗಡಿಗೆ ಯಾವಾಗ ಹೋಗಲಿ ಎಂದು ಜಗಳ ತೆಗೆಯುತ್ತಾರೆ. ನಾವು ಯಾರಿಗೆ ‘ತಡೆದುಕೊಳ್ಳಲು ಆಗುವುದಿಲ್ಲ’ ಎಂದು ತಿಂಗಳಿಡೀ ಹೆದರಿದ್ದೆವೋ ಅವರೊಬ್ಬರೇ ಈ ಮನೆಯಲ್ಲಿ ನೆಟ್ಟಗಿದ್ದವರು.

ಹೊಟ್ಟೆ ಅವರದು, ಗಡ್ಡೆ ಅವರದು, ನೋವೂ ಅವರದೇ. ಸುದ್ದಿ ಮಾತ್ರ ನಮ್ಮದು ಎಂದು ನಮಗೆ ಹೇಳಿದವರು ಯಾರು?